ಮೂರು ಅಮಾವಾಸ್ಯೆಗಳ ಫಟಫಟಿ

ನಾನು ಕೊಂಡುತಂದ ಫಟಫಟಿಯನ್ನು ಮೊದಲ ಸಲ ನೋಡಿದ ದಿನ ನಮ್ಮವ್ವ ಅದರ ಸುತ್ತ ಎರಡು ಸುತ್ತು ಬಂದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಸುಳಿ ನೋಡೀಯೇನು?" ಎಂದು ಕೇಳಿದಳು.

ಎತ್ತು ಕೊಳ್ಳುವಾಗ ಸುಳಿ ನೋಡುವುದು ನಮ್ಮ ಕಡೆಯ ರೂಢಿ. ಮೈಮೇಲಿನ ಕೂದಲು ಎಲ್ಲಿ ಸುತ್ತಿಕೊಂಡಿದೆ ಎಂಬುದನ್ನು ನೋಡಿ ಆ ಎತ್ತು ಮನೆಗೆ ಆಗಿಬರುತ್ತದೋ ಇಲ್ಲವೋ ಎಂದು ಹೇಳುತ್ತಾರೆ. ಕಬ್ಬಿಣದ ಮೋಟರ್‌ಸೈಕಲ್ಲಿಗೆ ಎಲ್ಲಿಯ ಸುಳಿ? ನಾನು ನಕ್ಕುಬಿಟ್ಟೆ. ಅವ್ವ ನಗಲಿಲ್ಲ.

"ಯವ್ವಾ, ಅದು ಎತ್ತಲ್ಲ."

"ಎತ್ತಲ್ಲಂದ್ರ ಏನಾತು? ನನ್ನ ಮಗನ್ನ ಹೊತ್ಕೊಂಡು ಹೋಗೋದಲ್ಲೇನು? ನಮಗ ಆಗಿಬರ್ತದೋ ಇಲ್ಲೋ ನೋಡಬೇಕಿಲ್ಲೇನು?"

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಗಳ ಮೇಲೆ ದಿನವಿಡೀ ನಡೆದು ಬಂದವನಿಗೆ ಮನೆಯಲ್ಲಿ ಬಾಯಿ ತೆರೆಯುವ ಉಮೇದು ಇರುತ್ತಿರಲಿಲ್ಲ. ಮನೆಯ ವ್ಯವಹಾರಕ್ಕೆಲ್ಲ ಅವ್ವನೇ ಹೈಕೋರ್ಟು. ಅವನು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಪಶು ಇಲಾಖೆಯಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸ ಸಿಕ್ಕು ನನಗೆ ಒಂದು ವರ್ಷ ತುಂಬಿತ್ತು. ಹಳ್ಳಿಯವರು ನನ್ನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು. ನಿಜವಾದ ಡಾಕ್ಟರು ಬೇರೆ ಇದ್ದರು. ನಾನು ಸೂಜಿ ಹಿಡಿದು ಅವರ ಹಿಂದೆ ಹೋಗುವವನು. ಆದರೂ ಯಾರನ್ನೂ ತಿದ್ದಲು ಹೋಗಲಿಲ್ಲ, ಕೇಳಲಿಕ್ಕೆ ಹಿತವಾಗಿಯೇ ಇತ್ತು. ತಿಂಗಳಲ್ಲಿ ಇಪ್ಪತ್ತು ದಿನ ಟೂರು. ಒಂದು ವಾರ ಮಾನ್ವಿ ಕಡೆ, ಒಂದು ವಾರ ದೇವದುರ್ಗ ಕಡೆ. ಲಸಿಕೆಯ ಸೀಸೆಗಳನ್ನು ನಾವಿದ್ದ ರಾಯಚೂರಿನಿಂದ ಐಸಿನ ಡಬ್ಬಿಯಲ್ಲಿಟ್ಟು ಒಯ್ಯಬೇಕು. ಬಸ್ಸಿನಲ್ಲಿ ಹೋದರೆ ಐಸು ದಾರಿಯಲ್ಲೇ ಕರಗಿ ಪಕ್ಕದಲ್ಲಿ ಕುಳಿತವರ ಧೋತರ ತೋಯಿಸಿ, ಊರು ಬರುವಷ್ಟರಲ್ಲಿ ಒಂದು ಜಗಳ ಮುಗಿದಿರುತ್ತಿತ್ತು. ಒಮ್ಮೆ ಒಬ್ಬ ಮುದುಕ, "ಕೂಸಿನ್ನ ಮಡಿಲಾಗ ಕುಂದ್ರಿಸ್ಕೊಂಡೀಯೇನೋ ಡಬ್ಬಿ ಕುಂದ್ರಿಸ್ಕೊಂಡೀಯೋ" ಎಂದು ಬಸ್ಸಿಗೆಲ್ಲ ಕೇಳುವಂತೆ ಬೈದಿದ್ದ. ಅವತ್ತೇ ಗಾಡಿ ಕೊಳ್ಳಬೇಕೆಂದು ನಿಶ್ಚಯಿಸಿದೆ.

ಅದು ಇನ್ನೂರೈವತ್ತು ಸಿಸಿಯ ಎರಡು ಸೈಲೆನ್ಸರಿನ ಗಾಡಿ. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಕಂತ್ರಾಟುದಾರರೊಬ್ಬರು ಜೀಪು ಕೊಂಡ ಮೇಲೆ ಅದನ್ನು ದನದ ಕೊಟ್ಟಿಗೆಯ ಮೂಲೆಗೆ ತಳ್ಳಿದ್ದರು. ಕೋಳಿಗಳು ಸೀಟಿನ ಮೇಲೆ ಮಲಗಿ ಮಾಡಬಾರದ್ದನ್ನೆಲ್ಲ ಮಾಡಿದ್ದವು. ನಾನು ಅದನ್ನು ಎರಡು ರವಿವಾರ ತಿಕ್ಕಿ ತಿಕ್ಕಿ ತೊಳೆದೆ. ಪೆಟ್ರೋಲ್ ಟ್ಯಾಂಕಿನ ಎರಡೂ ಕಡೆ ಹೊಳೆಯುವ ತಗಡು, ಮೇಲೆ ದುಂಡನೆಯ ಮುಚ್ಚಳ. ತಿಕ್ಕಿದ ಮೇಲೆ ಮುಚ್ಚಳದಲ್ಲಿ ಮೀಸೆ ನೋಡಿಕೊಳ್ಳಬಹುದಾಗಿತ್ತು. ನೋಡಿಕೊಂಡಿದ್ದೇನೆ ಕೂಡ.

ಅದಕ್ಕೆ ನಾನು ಮಾಡಿದ ಶೃಂಗಾರ ಇಷ್ಟಿಷ್ಟಲ್ಲ. ಮುಂದೆ ಲೆಗ್‌ಗಾರ್ಡು, ಹಿಂದೆ ಗಟ್ಟಿ ಕ್ಯಾರಿಯರು, ಅದರ ಮೇಲೆ ಐಸಿನ ಡಬ್ಬಿ. ಡಬ್ಬಿಯ ಕೆಳಗೆ ಹಳೆಯ ಟ್ಯೂಬನ್ನು ಕತ್ತರಿಸಿ ಹಾಸಿದೆ, ಇಲ್ಲದಿದ್ದರೆ ಸೀಸೆಗಳು ಒಂದಕ್ಕೊಂದು ಬಡಿದು ಒಡೆಯುತ್ತಿದ್ದವು. ಹೆಡ್‌ಲೈಟಿಗೆ ಒಂದು ಟೋಪಿ, ಹ್ಯಾಂಡಲ್ಲಿನ ಎರಡೂ ತುದಿಗೆ ಬಣ್ಣದ ಗೊಂಡೆ. ಗೊಂಡೆಗಳಿಂದ ಉಪಯೋಗವೇನೂ ಇಲ್ಲ, ಆದರೆ ಇಪ್ಪತ್ತಾರು ವರ್ಷದವನಿಗೆ ಅದನ್ನು ಯಾರು ಹೇಳಬೇಕು.

ಉಪಯೋಗದ ಪಾಠಗಳನ್ನು ಕಲಿಸಿದವರು ನಮ್ಮ ಚಾಚಾ. ರಕ್ತಸಂಬಂಧವಲ್ಲ, ರಾಯಚೂರಿನ ಕೋಟೆಯ ಗೋಡೆಗೆ ಬೆನ್ನು ಕೊಟ್ಟ ಒಂದು ತಗಡಿನ ಶೆಡ್ಡಿನಲ್ಲಿ ಫಟಫಟಿ ರಿಪೇರಿ ಮಾಡುತ್ತಿದ್ದ ಹಿರಿಯರು. ಮನೆಯಲ್ಲಿ ದಖನಿ, ಗಿರಾಕಿಗಳೊಡನೆ ಕನ್ನಡ, ಬಗ್ಗದ ನಟ್ಟಿನೊಡನೆ ಎರಡೂ. ಕ್ಲಚ್ಚಿನ ವೈರು ದಾರಿಯಲ್ಲಿ ತುಂಡಾದರೆ ಹೊಸದನ್ನು ಹಾಕಲು ಅರ್ಧ ದಿನ ಹೋಗುತ್ತದೆಂದು, ಹಳೆಯದರ ಪಕ್ಕದಲ್ಲೇ ಇನ್ನೊಂದನ್ನು ಮೊದಲೇ ಎಳೆದು ಕಟ್ಟಿಟ್ಟವರು ಅವರು. "ಅದು ತುಂಡಾತು ಅಂದ್ರ ಇದರ ತುದಿ ಸಿಗಸು, ನಡಿ. ದಾರಿಯಾಗ ಮಾಡೋ ಕೆಲಸ ಮನ್ಯಾಗ ಮಾಡಿಟ್ಕೊಂಡವನೇ ಶಾಣ್ಯಾ, ಬೇಟಾ" ಎಂದಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಗಾಡಿಯನ್ನು ಎರಡೂ ಕಡೆ ವಾಲಾಡಿಸಬೇಕು, ಚೈನಿಗೆ ಧೂಳಿನ ಮೇಲೆ ಎಣ್ಣೆ ಹಾಕಬಾರದು, ಮೊದಲು ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಬೇಸಿಗೆಯಲ್ಲಿ ಮಧ್ಯಾಹ್ನ ಗಾಳಿ ತುಂಬಿಸಬಾರದು: ಇವೆಲ್ಲ ಅವರ ಪಾಠಗಳು. ದೇವದುರ್ಗದ ಕಡೆಯ ಎರೆ ಮಣ್ಣು ಮಳೆ ಬಂದರೆ ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅದಕ್ಕೆಂದು ಮುಂದಿನ ಮಡ್‌ಗಾರ್ಡನ್ನು ನಾಲ್ಕು ಬೆರಳು ಎತ್ತರಿಸಿ ಕೊಟ್ಟರು. ಗಾಡಿ ಕೋಳಿ ಕತ್ತು ಎತ್ತಿದಂತೆ ಕಾಣುತ್ತಿತ್ತು, ಆದರೆ ಕೆಸರಿನಲ್ಲಿ ನಿಲ್ಲುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಅವ್ವ ಒಪ್ಪಲಿಲ್ಲ. ಕೊನೆಗೆ ಒಂದು ತೀರ್ಪು ಕೊಟ್ಟಳು: "ಮೂರು ಅಮಾಸಿ ನೋಡೋಣು. ಆಗಿಬಂತಂದ್ರ ಇಟ್ಕೊ. ಇಲ್ಲಂದ್ರ ಮಾರಿಬಿಡು. ಮಾತಂದ್ರ ಮಾತು." ನಾನು ಆಯಿತು ಎಂದೆ. ಚಾಚಾ ಕೈಯಿಟ್ಟ ಗಾಡಿ ಮೂರು ಅಮಾವಾಸ್ಯೆಯಲ್ಲ, ಮೂವತ್ತು ಅಮಾವಾಸ್ಯೆ ನಡೆಯುತ್ತದೆಂಬ ಧೈರ್ಯ ನನ್ನದು.

ಮೊದಲನೆಯ ಅಮಾವಾಸ್ಯೆಯ ದಿನ ಅವ್ವ ಗಾಡಿಗೆ ನೀರೆರೆದಳು. ಟ್ಯಾಂಕಿನ ಎರಡೂ ಕಡೆ ಮೂರು ಮೂರು ಬೆರಳಿನ ವಿಭೂತಿ, ಮುಂದಿನ ಚಕ್ರಕ್ಕೆ ಲಿಂಬೆಹಣ್ಣು, ನಂಬರ್ ಪ್ಲೇಟಿಗೆ ಕರಿದಾರ. ದುಂಡಗೆ ಹೊಳೆಯುತ್ತ ಎಲ್ಲಕ್ಕಿಂತ ಮೇಲೆ ಕುಳಿತಿದ್ದ ಮುಚ್ಚಳಕ್ಕೆ ಗಂಧ ತೇಯ್ದು ಬಳಿದು, ಅದರ ಮೇಲೆ ಒಂದು ರೂಪಾಯಿ ಅಗಲದ ಕುಂಕುಮ. ಕಾಯಿ ಒಡೆದಳು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಮದುಮಗನಂತೆ ಕಂಡಿತು.

ಮರುದಿನ ಬೆಳಿಗ್ಗೆ ಐಸು ತುಂಬಿಕೊಂಡು ಮಾನ್ವಿಗೆ ಹೊರಟೆ. ಕಲ್ಲೂರು ದಾಟುತ್ತಿದ್ದಂತೆ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಆ ಕಾಲದ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ತೋರಿಸುವ ಮುಳ್ಳು ಇರಲಿಲ್ಲ. ಮುಚ್ಚಳ ತೆರೆದು ಇಣುಕಬೇಕು. ತೆರೆದೆ, ಇಣುಕಿದೆ, ಅಲ್ಲಾಡಿಸಿದೆ. ಪೆಟ್ರೋಲ್ ಇತ್ತು. ಮುಚ್ಚಿದೆ. ಪ್ಲಗ್ಗು ಬಿಚ್ಚಿ ಮರಳುಕಾಗದದಲ್ಲಿ ತಿಕ್ಕಿ ಹಾಕಿದೆ. ಒಂದೇ ಕಿಕ್ಕಿಗೆ ಶುರುವಾಯಿತು. ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆಯಾಯಿತು. ಹತ್ತು ಹನ್ನೆರಡು ಮೈಲಿ ಹೋಗುವುದರಲ್ಲಿ ಮತ್ತೆ ನಿಂತಿತು. ಮತ್ತೆ ಪೆಟ್ರೋಲ್ ನೋಡಿದೆ, ಮತ್ತೆ ಪ್ಲಗ್ಗು ತಿಕ್ಕಿದೆ, ಮತ್ತೆ ಶುರು. ಹೋಗಿ ಬರುವುದರಲ್ಲಿ ಮೂರು ಸಲ ಇದೇ ಪೂಜೆ.

ಹೊತ್ತು ಮುಳುಗಿದ ಮೇಲೆ ಮನೆ ಮುಟ್ಟಿದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯ ಮಸಿ ನೋಡಿ ಏನೂ ಕೇಳದೆ, "ಒಂದು" ಎಂದಳು.

ವಿಚಿತ್ರವೆಂದರೆ ಏಳೆಂಟು ದಿನ ಕಳೆದ ಮೇಲೆ ಗಾಡಿ ತಾನಾಗಿಯೇ ಸರಿಹೋಯಿತು. ಚಾಚಾ ಅದನ್ನು ಕೋಟೆಯ ತಿರುವಿನವರೆಗೆ ಓಡಿಸಿ ಬಂದು, "ಏನೂ ಆಗಿಲ್ಲಲ್ಲೋ, ಹಕ್ಕಿಗತೆ ಹಾರತದ" ಎಂದರು. ಆದರೂ ಕಾರ್ಬುರೇಟರ್ ಬಿಚ್ಚಿ ಜೆಟ್ಟಿನ ತೂತು ಊದಿ, ಪೆಟ್ರೋಲ್ ನಳದ ಜಾಲರಿ ತೊಳೆದು ಕಳಿಸಿದರು.

ಎರಡನೆಯ ಅಮಾವಾಸ್ಯೆಗೆ ಅವ್ವ ಪೂಜೆಯನ್ನು ದುಪ್ಪಟ್ಟು ಮಾಡಿದಳು. ಒಂದು ಸಲ ಹಚ್ಚಿದ ಗಂಧ ಸಾಲದೇ ಹೋಯಿತೆಂದು ಅವಳ ಲೆಕ್ಕ. ಗಂಧದ ಮೇಲೆ ಅರಿಷಿಣ, ಅರಿಷಿಣದ ಮೇಲೆ ಕುಂಕುಮ, ಕುಂಕುಮದ ಮೇಲೆ ನಾಲ್ಕು ಅಕ್ಷತೆ. ಮರುದಿನ ದೇವದುರ್ಗದ ದಾರಿ. ಗಬ್ಬೂರಿಗೆ ಮೊದಲೇ ಎರಡು ಸಲ ನಿಂತಿತು, ಆಮೇಲೆ ಇನ್ನೆರಡು ಸಲ. ಅದು ಬಿಸಿಲಿನ ಕಾಲ. ಜಾಲಿಮರದ ಪುಡಿ ನೆರಳಲ್ಲಿ ಪ್ಲಗ್ಗು ತಿಕ್ಕುತ್ತ ಕುಳಿತಾಗ ಡಬ್ಬಿಯಿಂದ ಹನಿ ಹನಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಊರು ಮುಟ್ಟಿದಾಗ ಐಸು ಒಂದು ಚೂರೂ ಉಳಿದಿರಲಿಲ್ಲ. ಬೆಳಗಿನಿಂದ ದನ ಕಟ್ಟಿಕೊಂಡು ಕಾದಿದ್ದ ಜನ. ಬೆಚ್ಚಗಾದ ಲಸಿಕೆ ಹಾಕುವಂತಿಲ್ಲ. "ನಾಳೆ ಬರ್ತೀನ್ರಿ" ಎಂದು ಹೇಳುವಾಗ ನನಗೆ ನಾಚಿಕೆಯಿಂದ ಮುಖವೆತ್ತಲು ಆಗಲಿಲ್ಲ. ಯಾರೂ ಬೈಯಲಿಲ್ಲ, ಒಬ್ಬರು ಕುಡಿಯಲು ಮಜ್ಜಿಗೆ ಬೇರೆ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

"ಎರಡು" ಎಂದಳು ಅವ್ವ.

ಚಾಚಾ ಈ ಸಲ ಕಿಡಿ ಕೊಡುವ ಪಾಯಿಂಟು ಬದಲಿಸಿದರು, ಸೈಲೆನ್ಸರುಗಳ ಮಸಿ ಸುಟ್ಟು ತೆಗೆದರು, ಇಡೀ ವೈರಿಂಗು ಬೆರಳಿನಿಂದ ತಡವಿ ನೋಡಿದರು. ಎಂಟು ದಿನಕ್ಕೆ ಗಾಡಿ ಮತ್ತೆ ಸರಿಹೋಯಿತು. ಯಾವುದರಿಂದ ಸರಿಹೋಯಿತೆಂದು ಚಾಚಾಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅದಕ್ಕೇ ಇಬ್ಬರೂ ನಮ್ಮಿಂದಲೇ ಎಂದುಕೊಂಡೆವು.

ಮೂರನೆಯ ಅಮಾವಾಸ್ಯೆಗೆ ಬೂದುಗುಂಬಳಕಾಯಿ ಒಡೆದದ್ದೂ ಆಯಿತು. ಮರುದಿನ ಮಾನ್ವಿಗೆ ಹೋಗಿ ಬರುವುದರಲ್ಲಿ ಗಾಡಿ ಐದು ಸಲ ನಿಂತಿತು. ಐದನೆಯ ಸಲ ನನಗೆ ಅದರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಲೆಗ್‌ಗಾರ್ಡಿಗೆ ಒದ್ದೆ. ನನ್ನ ಹೆಬ್ಬೆರಳೇ ಬಾತುಕೊಂಡಿತು. ಕುಂಟುತ್ತ ಮನೆಯೊಳಗೆ ಬಂದವನನ್ನು ನೋಡಿ ಅವ್ವ "ಮೂರು" ಎನ್ನಲಿಲ್ಲ. ನನ್ನ ಕಾಲಿಗೆ ಅರಿಷಿಣ ಹಚ್ಚುತ್ತ ಮೆಲ್ಲಗೆ ಹೇಳಿದಳು:

"ಮಾರಿಬಿಡಪಾ. ಅದು ನಮಗ ಆಗಿಬರಂಗಿಲ್ಲ."

"ಯವ್ವಾ, ಚಾಚಾ ಮತ್ತೊಮ್ಮೆ ನೋಡ್ತಾರ. ರಿಪೇರಿ ಮಾಡಿದ್ರ ಆಗ್ತದ."

"ರಿಪೇರಿ ಗಾಡಿಗಿ ಆಗ್ತದ, ನಸೀಬಕ್ಕ ಆಗ್ತದೇನು? ಅಮಾಸಿ ಆದ ಮರುದಿನಾನೇ ನಿಲ್ತದಲ್ಲ, ಅದು ಏನು ಹೇಳಾಕತ್ತದ ನೀನೇ ವಿಚಾರ ಮಾಡು."

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಿಜಕ್ಕೂ ಅಮಾವಾಸ್ಯೆಯ ಮರುದಿನವೇ ನಿಲ್ಲುತ್ತಿತ್ತು. ನಾನೇನೋ ವಿಜ್ಞಾನ ಓದಿದವನು, ಆದರೆ ಆ ರಾತ್ರಿ ಮಲಗುವ ಮುಂಚೆ ನನಗೂ ಸಣ್ಣಗೆ ಅಂಜಿಕೆಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಂಜಿಕೆಗಿಂತ ದುಃಖ ಹೆಚ್ಚು. ಮತ್ತೆ ಬಸ್ಸು, ಮತ್ತೆ ತೋಯ್ದ ಧೋತರ, ಮತ್ತೆ ಕಾದು ಕುಳಿತ ಜನರ ಮುಂದೆ ತಲೆ ತಗ್ಗಿಸುವುದು. ಕೊಟ್ಟ ಮಾತು ಕೊಟ್ಟದ್ದೇ.

ಮಾನ್ವಿಯಲ್ಲಿ ಅಕ್ಕಿ ವ್ಯಾಪಾರದ ಸಾಹುಕಾರರೊಬ್ಬರು ನನ್ನ ಗಾಡಿಯ ಮೇಲೆ ಮೊದಲಿನಿಂದ ಕಣ್ಣಿಟ್ಟಿದ್ದರು. ಅವರಿಗೆ ಹೇಳಿ ಕಳಿಸಿದೆ. ಗಾಡಿ ಆಗಾಗ ನಿಲ್ಲುತ್ತದೆ ಎಂಬುದನ್ನೂ ಸೇರಿಸಿ ಹೇಳಿದೆ. "ನಡೀತದ, ತಗೊಂಡು ಬರ್ರಿ" ಎಂದು ಉತ್ತರ ಬಂತು. ಕೊಡುವ ದಿನ ಅವ್ವ ಗಾಡಿಗೆ ಮತ್ತೊಮ್ಮೆ ಗಂಧ ಕುಂಕುಮ ಹಚ್ಚಿದಳು. ಮಾರುವ ದನವನ್ನಾದರೂ ಬರಿಹಣೆಯಲ್ಲಿ ಹೊರಗೆ ಕಳಿಸಬಾರದು ಎಂಬುದು ನಮ್ಮಲ್ಲಿಯ ಪದ್ಧತಿ.

ದಾರಿಯಲ್ಲಿ ಚಾಚಾಗೆ ಹೇಳಿ ಹೋಗೋಣವೆಂದು ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಎದ್ದರು. ಮುಖ ಕೆಂಪಾಗಿತ್ತು.

"ಇಪ್ಪತ್ತು ವರ್ಷ ಆತು ನಾ ಈ ಕೆಲಸ ಮಾಡಾಕತ್ತು. ನನ್ನ ಕೈಲೆ ಆಗಲಿಲ್ಲಂತ ಒಂದು ಗಾಡಿ ಮಾರ್ತೀಯೇನು? ನಡಿ, ನಾನೂ ಬರ್ತೀನಿ. ನಿಂತಲ್ಲೇ ನೋಡ್ತೀನಿ ಅದರ ಹಕೀಕತ್ತು."

ಅಂಗಡಿ ಮುಚ್ಚಿ ನನ್ನ ಹಿಂದೆ ಹತ್ತಿ ಕುಳಿತರು. ಕಲ್ಲೂರು ದಾಟಿದೆವು. ಕಾಲುವೆಯ ನೀರಿಗೆ ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು. ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಇಷ್ಟು ದಿನ ನಿಂತಾಗ ಬೈಯುತ್ತಿದ್ದವನು ಅವತ್ತು ದೇವರಿಗೆ ಕೈ ಮುಗಿದೆ. ಚಾಚಾರ ಎದುರಿಗೇ ನಿಂತಿತಲ್ಲ ಎಂದು.

ಚಾಚಾ ಗಾಡಿಯನ್ನು ಮುಟ್ಟಲಿಲ್ಲ. ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು, "ನೀ ದಿನಾ ಏನ್ ಮಾಡ್ತೀಯೋ ಅದೇ ಮಾಡು. ನಾ ಸುಮ್ನೆ ನೋಡ್ತೀನಿ" ಎಂದರು.

ನಾನು ಮುಚ್ಚಳ ತಿರುವಿ ತೆಗೆದೆ. ಸುಸ್ ಎಂದು ಸದ್ದಾಯಿತು. ಇಣುಕಿ ನೋಡಿದೆ. ಮುಚ್ಚಿದೆ. ಪ್ಲಗ್ಗು ಬಿಚ್ಚಲು ಪಾನಾ ತೆಗೆದುಕೊಂಡೆ.

"ತಡಿ! ಈಗ ಸದ್ದಾತಲ್ಲ, ಅದು ದಿನಾ ಆಗ್ತದೇನು?"

"ಆಗ್ತದ ಚಾಚಾ."

"ಪ್ಲಗ್ ಬಿಚ್ಚಬ್ಯಾಡ. ಹಂಗೇ ಕಿಕ್ ಹೊಡಿ."

ಹೊಡೆದೆ. ಒಂದೇ ಏಟಿಗೆ ಶುರುವಾಯಿತು. ಮೂರು ತಿಂಗಳು ನಾನು ಬಿಸಿಲಲ್ಲಿ ಕುಳಿತು ತಿಕ್ಕಿದ ಪ್ಲಗ್ಗುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಚಾಚಾ ಗಾಡಿ ಬಂದ್ ಮಾಡಿಸಿ ಮುಚ್ಚಳ ತೆಗೆದುಕೊಂಡರು. ಅದನ್ನು ಬೋರಲು ಹಿಡಿದು, ಒಳಗಡೆಯಿಂದ ಸೂರ್ಯನ ಕಡೆ ನೋಡಿದರು. ಪಕ್ಕದ ಜಾಲಿಗಿಡದಿಂದ ಒಂದು ಮುಳ್ಳು ಮುರಿದು ಮುಚ್ಚಳದ ನಡುವೆ ಚುಚ್ಚಿದರು. ಕೆಂಪು ಪುಡಿ ಅವರ ಅಂಗೈ ಮೇಲೆ ಉದುರಿತು. ಸಾಸಿವೆಯಷ್ಟು ಸಣ್ಣ ತೂತಿನಲ್ಲಿ ಬೆಳಕು ಕಂಡಿತು.

ಆಮೇಲೆ ಅವರು ನಕ್ಕದ್ದು ನನಗೆ ಇವತ್ತಿಗೂ ನೆನಪಿದೆ. ಹೊಟ್ಟೆ ಹಿಡಿದುಕೊಂಡು, ಕಲ್ಲಿನ ಮೇಲೆ ಕೂಡಲೂ ಆಗದೆ, ಕಣ್ಣಲ್ಲಿ ನೀರು ಬರುವತನಕ ನಕ್ಕರು. "ಸೈಲೆನ್ಸರ್ ಬಿಚ್ಚಿದೆ, ಕಾರ್ಬುರೇಟರ್ ಬಿಚ್ಚಿದೆ, ವೈರು ಬಿಚ್ಚಿದೆ! ಟ್ಯಾಂಕಿನ ಟೋಪಿ ಬಿಚ್ಚಲಿಲ್ಲ ನಾನು!" ಎಂದು ತಮ್ಮ ಹಣೆ ತಾವೇ ಬಡಿದುಕೊಂಡರು.

ವಿಷಯ ಇಷ್ಟೇ. ಟ್ಯಾಂಕಿನಿಂದ ಪೆಟ್ರೋಲ್ ಕೆಳಗೆ ಇಳಿದಂತೆ ಮೇಲಿನಿಂದ ಅಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ತೂತು. ಅದು ಮುಚ್ಚಿದರೆ ಹತ್ತು ಮೈಲಿಯಲ್ಲಿ ಒಳಗೆ ಗಾಳಿ ಸಾಲದೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಮುಚ್ಚಳ ತೆರೆದರೆ ಗಾಳಿ ನುಗ್ಗಿ ಎಲ್ಲ ಸರಿ. ಅವ್ವ ಹಚ್ಚಿದ ಗಂಧ ಒಣಗಿ ತೂತಿಗೆ ಬಿರಡೆ ಹಾಕಿದಂತೆ ಕೂಡುತ್ತಿತ್ತು. ಒಳಗಿನಿಂದ ಪೆಟ್ರೋಲ್ ತುಳುಕಿ ತುಳುಕಿ ಎಂಟು ದಿನಕ್ಕೆ ಅದು ಸಡಿಲಾಗಿ ಉದುರುತ್ತಿತ್ತು. ಮುಂದಿನ ಅಮಾವಾಸ್ಯೆಗೆ ಮತ್ತೆ ಗಂಧ.

ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಹೊಟ್ಟೆ ಉಬ್ಬಿದ ದನಕ್ಕೆ ಪಕ್ಕೆಯಲ್ಲಿ ಚುಚ್ಚಿ ಗಾಳಿ ಬಿಡುವುದನ್ನು ಡಾಕ್ಟರ ಪಕ್ಕದಲ್ಲಿ ನಿಂತು ಎಷ್ಟು ಸಲ ನೋಡಿದ್ದೆ! ಸುಸ್ ಎಂಬ ಸದ್ದು ಮೂರು ತಿಂಗಳು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಸಾಹುಕಾರರು ಕಾಯುತ್ತಿದ್ದರಲ್ಲ, ಮಾನ್ವಿಗೆ ಹೋದೆವು. ಚಾಚಾಗೆ ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ, ಚಹಾ ಬರುವ ಮೊದಲೇ ಕಥೆಯೆಲ್ಲ ಹೇಳಿಬಿಟ್ಟರು. ಸಾಹುಕಾರರೂ ನಕ್ಕು, "ಹಂಗಾದ್ರ ಗಾಡಿ ಖಡಕ್ ಅದ ಅಂದಂಗಾತು. ಇಟ್ಟು ಹೋಗ್ರಿ ಡಾಕ್ಟರ್, ನಾ ಬಿಡಂಗಿಲ್ಲ" ಎಂದರು. ಒಂದು ದಿನದ ಅವಕಾಶ ಕೊಡಿ, ಅವ್ವನನ್ನು ಕೇಳಿ ಹೇಳುತ್ತೇನೆ ಎಂದು ಬೇಡಿಕೊಂಡೆ. ಅವ್ವನ ಹೆಸರು ಬಂದ ಮೇಲೆ ಅವರೂ ಒತ್ತಾಯಿಸಲಿಲ್ಲ. "ನಾಳಿ ತನಕ ನೋಡ್ತೀನ್ರಿ, ಬರಲಿಲ್ಲಂದ್ರ ನಿಮ್ಮದೇ ಗಾಡಿ" ಎಂದರು.

ತಿರುಗಿ ಬರುವಾಗ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ನನ್ನ ಮನಸ್ಸು ಮಾತ್ರ ಹತ್ತು ಸಲ ನಿಂತಿತು. ಗಾಡಿ ರಿಪೇರಿಯಾಯಿತು ಎಂದರೆ ಅವ್ವ ಒಪ್ಪುವುದಿಲ್ಲ. ನಸೀಬದ ಮಾತು ತೆಗೆಯುತ್ತಾಳೆ. ಗಾಡಿ ಉಳಿಯಬೇಕಾದರೆ ನಿಜ ಹೇಳಲೇಬೇಕು. ನಿಜವೆಂದರೆ, ನನ್ನನ್ನು ಕಾಯಲೆಂದು ಅವಳು ಹಚ್ಚಿದ ಕುಂಕುಮವೇ ನನ್ನನ್ನು ನಡುದಾರಿಯಲ್ಲಿ ನಿಲ್ಲಿಸಿತು ಎನ್ನುವುದು. ಹೆತ್ತವಳಿಗೆ ಇದನ್ನು ಹೇಗೆ ಹೇಳುವುದು? ಬೇಡ, ಗಾಡಿಯೇ ಹೋಗಲಿ ಎಂದೂ ಒಮ್ಮೆ ಅನಿಸಿತು.

"ನಾ ಹೇಳ್ಲೇನು ಬೇಟಾ?" ಎಂದರು ಚಾಚಾ.

"ಬ್ಯಾಡ ಚಾಚಾ. ನಾನೇ ಹೇಳ್ತೀನಿ."

ಮನೆಯ ಮುಂದೆ ಗಾಡಿ ನಿಂತ ಸದ್ದಿಗೆ ಅವ್ವ ಹೊರಗೆ ಬಂದಳು. "ಯಾಕ, ಅವರು ತಗೋಲಿಲ್ಲೇನು?"

ನಾನು ಸುತ್ತಿ ಬಳಸಿ ಹೇಳಲು ಹೋಗಿ ತೊದಲಿದೆ. ಕೊನೆಗೆ ಮುಚ್ಚಳ ಬಿಚ್ಚಿ ಅವಳ ಕೈಗೇ ಕೊಟ್ಟೆ. "ಯವ್ವಾ, ಗಾಡಿ ಇದರಾಗಿಂದ ಉಸುರಾಡ್ತದ. ಇಲ್ಲಿ ನೋಡು, ಸಣ್ಣ ತೂತು. ಗಂಧ ಕುಂಕುಮ ಕುಂತು ಮುಚ್ಚಿತ್ತು. ಅದಕ್ಕ ನಿಲ್ತಿತ್ತು. ಮತ್ತೇನೂ ಇಲ್ಲ."

ಅವ್ವ ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬೆರಳಿನಿಂದ ತೂತನ್ನು ತಡವಿದಳು.

"ಅಂದ್ರ ನಾ ಮೂಗಿಗಿ ಹಚ್ಚೀನೇನು?"

"ಹೂಂ, ಯವ್ವಾ."

"ಮೂರು ತಿಂಗಳು?"

"ಹೂಂ."

ತಟ್ಟನೆ ಅವಳಿಗೆ ಸಿಟ್ಟು ಬಂತು. "ಮತ್ತ ಅದರ ಹಣಿ ಎಲ್ಲಿ ಅದ ಅಂತ ನೀ ಮೊದಲ ಯಾಕ ಹೇಳ್ಲಿಲ್ಲಲೇ? ಸಾಲಿ ಕಲ್ತಾನಂತ, ದನಾ ನೋಡ್ತಾನಂತ! ಹಣಿ ಯಾವುದು ಮೂಗು ಯಾವುದು ನಿನಗ ಗೊತ್ತಿಲ್ಲ, ನನಗ ಹೆಂಗ ಗೊತ್ತಾಗಬೇಕು?"

ನಾನು ಹೆಡ್‌ಲೈಟ್ ತೋರಿಸಿದೆ. ಅವ್ವ ಅದನ್ನು ಎಡಬಲ ನೋಡಿ, ಹೌದು ಎನ್ನುವಂತೆ ತಲೆಯಾಡಿಸಿದಳು. ಆಮೇಲೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಹೊಸಿಲ ಮೇಲೆ ಕುಳಿತು, ತೂತಿನ ಅಂಚಿನಲ್ಲಿ ಉಳಿದಿದ್ದ ಕೆಂಪನ್ನು ಕೆರೆಯತೊಡಗಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಇಷ್ಟೇ ಶ್ರದ್ಧೆ ಇರುತ್ತಿತ್ತು. ತಲೆ ಎತ್ತದೆಯೇ ಹೇಳಿದಳು:

"ಹೊತ್ತು ಮುಳುಗಿದ ಮ್ಯಾಲ ನೀ ಬರಲಿಲ್ಲಂದ್ರ ನನ್ನ ಎದಿ ಡವಡವ ಅಂತದಪಾ. ಲಾರಿ ಸಪ್ಪಳಾದ್ರೂ ಅಂಜ್ತೀನಿ. ಎಷ್ಟು ಅಂಜಿಕಿ ಆಗ್ತದೋ ಅಷ್ಟು ಹಚ್ಚೀನಿ ನೋಡು."

ನಾನೂ ಪಕ್ಕದಲ್ಲಿ ಕುಳಿತೆ. ಅವ್ವ ತೂತಿಗೆ ಬಾಯಿ ಹಚ್ಚಿ ಊದಿ, ಇನ್ನೊಂದು ಕಡೆ ಅಂಗೈ ಹಿಡಿದು ಗಾಳಿ ಬರುತ್ತದೋ ಎಂದು ನೋಡಿದಳು. ಬಂತು. "ಸಾಹುಕಾರ್ರಿಗಿ ಹೇಳಿ ಕಳಸು, ಗಾಡಿ ಕೊಡಂಗಿಲ್ಲಂತ" ಎಂದಳು. ನಾನು ಏಳುವಷ್ಟರಲ್ಲಿ ಮತ್ತೆ ಕರೆದಳು. "ರವಿವಾರ ನಾನೂ ಬರ್ತೀನಿ. ದೇವದುರ್ಗಕ್ಕ ನಿಮ್ಮಕ್ಕನ ಮನಿತನ ಕರ್ಕೊಂಡು ಹೋಗು. ನೀ ಹೆಂಗ ಹೋಗ್ತೀಯೋ ಹೆಂಗ ಬರ್ತೀಯೋ ಒಮ್ಮಿ ನಾ ಕಣ್ಣಲೆ ನೋಡಬೇಕು."

ಚಾಚಾ ಖುಷಿಯಿಂದ ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಒಂದು ಜಾಲರಿ ಕೂಡಿಸಿ ಕೊಟ್ಟರು, ಕಾಲಿಡಲು ಅಗಲವಾದ ಹಲಗೆಯನ್ನೂ ಹಾಕಿದರು. "ನಿಮ್ಮವ್ವಾರು ಕುಂದ್ರೋ ಗಾಡಿ ಅದು" ಎಂದು ಸೀಟಿನ ಹಿಂದೆ ಹಿಡಿಯಲು ಒಂದು ಹಿಡಿಕೆ ಬೇರೆ. ರವಿವಾರ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು ಒಂದು ಕಡೆ ಕಾಲು ಬಿಟ್ಟು ಕುಳಿತಳು. ಹಿಡಿಕೆಯನ್ನು ಹಿಡಿಯಲೇ ಇಲ್ಲ. ಎರಡೂ ಕೈಯಲ್ಲಿ ನನ್ನ ಅಂಗಿಯನ್ನು ಹಿಡಿದುಕೊಂಡಳು. ಓಣಿಯ ಹೆಂಗಸರೆಲ್ಲ ಹೊರಗೆ ಬಂದು ನಿಂತಿದ್ದರು.

ಊರು ದಾಟಿತು. ನಾನು ಹಿಂದಕ್ಕೆ ಏನೇನೋ ಕೇಳಿದೆ, ಉತ್ತರವೇ ಇಲ್ಲ. ಹೊಲಗಳು ಹಿಂದೆ ಸರಿದವು, ಎರಡು ಲಾರಿ ಎದುರಾದವು. ಗಾಡಿ ಬೆಣ್ಣೆಯಂತೆ ಓಡುತ್ತಿತ್ತು. ಎಂಟು ಹತ್ತು ಮೈಲಿಯಾಗಿರಬೇಕು, ಅವ್ವ ನನ್ನ ಬೆನ್ನಿಗೆ ಗುದ್ದಿದಳು.

"ನಿಲ್ಲಸು, ನಿಲ್ಲಸು!"

ಗಾಬರಿಯಿಂದ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅವ್ವ ಇಳಿದು, ಸೀರೆ ಸರಿಮಾಡಿಕೊಂಡು, ಸೀದಾ ಟ್ಯಾಂಕಿನ ಹತ್ತಿರ ಬಂದು ಮುಚ್ಚಳ ತಿರುವಿ ತೆಗೆದಳು.

"ಯವ್ವಾ, ಅದು ಈಗ ಬ್ಯಾಡ. ತೂತು ಸ್ವಚ್ಛ ಅದ, ಗಾಡಿ ತಾನೇ ಉಸುರಾಡ್ತದ."

"ಗಾಡಿಗಲ್ಲಪಾ, ನನಗ" ಎಂದಳು ಅವ್ವ. "ರಾಯಚೂರ ಬಿಟ್ಟಾಗಿಂದ ಉಸುರು ಬಿಗಿಹಿಡಿದು ಕುಂತೀನಿ."

ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಮರದ ಬೊಡ್ಡೆಗೆ ಒರಗಿ, ಅವಳು ದೊಡ್ಡದಾಗಿ ಒಂದು ಉಸಿರು ಬಿಟ್ಟಳು. ಮೊದಲು ನಾನು ನಕ್ಕೆ, ಆಮೇಲೆ ಅವಳೂ ನಕ್ಕಳು. ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಳ ಹಾಕಿ, ಗಟ್ಟಿಯಾಯಿತೋ ಎಂದು ತಿರುವಿ ನೋಡಿ, ಹತ್ತಿ ಕುಳಿತಳು. ದೇವದುರ್ಗ ಮುಟ್ಟುವುದರೊಳಗೆ ಇನ್ನೂ ಮೂರು ಸಲ ನಿಲ್ಲಿಸಿದೆವು.